ಗೂಳಿ, ಮೂಗುದಾರ, ಬ್ರಹ್ಮಚಾರಿ: ಅವಿವಾಹಿತನನ್ನು ಕುರಿತ ನುಡಿಗಳು

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಗಳು ಬಿಳಿಜೋಳವನ್ನೂ ಎತ್ತುಗಳನ್ನೂ ನೆಚ್ಚಿ ಬಂದ ಒಣಬೇಸಾಯದ ನೆಲ. ಇಂಥ ಒಕ್ಕಲುತನದ ಬದುಕೇ ಅವಿವಾಹಿತನನ್ನು ಕುರಿತ ಕನ್ನಡ ನುಡಿಗಟ್ಟುಗಳಿಗೆ ರೂಪಕವನ್ನು ಒದಗಿಸಿದೆ. ಲಗ್ನವಾಗದೆ ಸ್ವೇಚ್ಛೆಯಿಂದ ತಿರುಗುವವನು ‘ದೇವರಿಗೆ ಬಿಟ್ಟ ಗೂಳಿ’. ಅವನಿಗೆ ಲಗ್ನ ಮಾಡುವುದೆಂದರೆ ‘ಮೂಗುದಾರ ಹಾಕುವುದು’. ಮೂಗುದಾರವನ್ನು ಎತ್ತು ತಾನೇ ಹಾಕಿಕೊಳ್ಳುವುದಿಲ್ಲ, ರೈತನು ಹಾಕುತ್ತಾನೆ. ಲಗ್ನವು ಹಿರಿಯರ ಹೊಣೆಯೆಂಬ, ಕನ್ಯೆ ದೊರೆತೇ ದೊರೆಯುವಳೆಂಬ ನಂಬಿಕೆ ಈ ಮಾತಿನ ತಳದಲ್ಲಿದೆ.

‘ಬ್ರಹ್ಮಚಾರಿ’ ಪದದ ದಾರಿ ಬೇರೆ. ವಿದ್ಯಾರ್ಜನೆಯ ಆಶ್ರಮವನ್ನೂ ವ್ರತವನ್ನೂ ಸೂಚಿಸುತ್ತಿದ್ದ ಈ ಸಂಸ್ಕೃತ ಪದ ಆಡುಮಾತಿನಲ್ಲಿ ಕೇವಲ ಲಗ್ನವಾಗದವನೆಂಬ ಅರ್ಥವನ್ನು ತಳೆಯಿತು. ಇಂಗ್ಲಿಷಿನ ‘ಬ್ಯಾಚಲರ್’ ಪದವೂ ಮೊದಲು ವೀರಯೋಧನ ಪದವಿಗೆ ಸಿದ್ಧನಾಗುತ್ತಿದ್ದ ತರುಣನನ್ನು ಸೂಚಿಸುತ್ತಿತ್ತು. ಎರಡೂ ಪದಗಳಲ್ಲಿ ಅವಿವಾಹಿತ ಸ್ಥಿತಿಯು ದಾಟಿಹೋಗುವ ಒಂದು ಹಂತ ಮಾತ್ರ.

ಆ ಹಂತ ದಾಟಲಾಗದ ಸ್ಥಿತಿ ಇಂದು ರೈತವರ್ಗವನ್ನು ಬಾಧಿಸುತ್ತಿದೆ. 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಯುವಕರು ಕನ್ಯೆ ದೊರೆಯಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಕೈಗೊಂಡ ‘ಬ್ರಹ್ಮಚಾರಿಗಳ ಪಾದಯಾತ್ರೆ’ಯಲ್ಲಿ ವ್ರತದ ಹೆಸರೇ ಕೊರತೆಯ ಹೆಸರಾಯಿತು. ಹೊಲದಲ್ಲಿ ದುಡಿದೂ ಕನ್ಯೆ ದೊರೆಯದವನಿಗೆ ಗೂಳಿಯ ಹೋಲಿಕೆ ಸಲ್ಲದು. ಒಂದು ಕಾಲದ ವಿನೋದದ ನುಡಿ ಅವನ ಪಾಲಿಗೆ ನಿಂದೆಯಾಗಿ ಪರಿಣಮಿಸುತ್ತದೆ.