ದೊಡ್ಡರೋಗವನ್ನು ಗೆದ್ದ ಮೇಕೆ

ಊರಿನಿಂದ ಬರುವ ಸುದ್ದಿಯಲ್ಲಿ ಮನೆಮಂದಿಯ ಯೋಗಕ್ಷೇಮದ ಬೆನ್ನಿಗೇ ಹಟ್ಟಿಯ ದನಗಳ ಮಾತಿರುತ್ತದೆ. ಹಿಂದೆ ಅದರಲ್ಲಿ ‘ದೊಡ್ಡರೋಗ’ವೆಂಬ ಶಬ್ದ ಕಂಡರೆ ಸಾಕು, ಓದುವವನ ಎದೆ ನಡುಗುತ್ತಿತ್ತು. ಜ್ವರ, ಬಾಯಿಹುಣ್ಣು, ಭೇದಿ. ಕೆಲವೇ ದಿನಗಳಲ್ಲಿ ಹಟ್ಟಿ ಬರಿದು. ಸಾಲ ಮಾಡಿ ಕೊಂಡ ಜೋಡೆತ್ತು ಹೋದರೂ ಸಾಲವು ಹೋಗುತ್ತಿರಲಿಲ್ಲ.

ದನಗಳ ರೋಗಗಳನ್ನು ಅಭ್ಯಸಿಸಲು ಸರಕಾರವು 1889ರಲ್ಲಿ ಪ್ರಯೋಗಶಾಲೆಯೊಂದನ್ನು ತೆರೆದದ್ದು ಪುಣೆಯಲ್ಲಿ. ಅಲ್ಲಿನ ನಮ್ಮ ಓದುಗರಿಗೂ ಇದು ತಿಳಿದಿರಲಿಕ್ಕಿಲ್ಲ! 1893ರಲ್ಲಿ ಅದು ಕುಮಾವೂ ಬೆಟ್ಟಗಳ ಮುಕ್ತೇಶ್ವರಕ್ಕೆ ಸಾಗಿತು. ಅಲ್ಲಿ 1920ರ ದಶಕದಲ್ಲಿ ಎಡ್ವರ್ಡ್ಸ್ ಎಂಬವರು ದೊಡ್ಡರೋಗದ ವಿಷಾಣುವನ್ನು ಮೇಕೆಯಿಂದ ಮೇಕೆಗೆ ಮೇಲಿಂದ ಮೇಲೆ ದಾಟಿಸಿದರು. ಮೇಕೆಯ ಮೈಗೆ ಒಗ್ಗಿದ ವಿಷಾಣು ದನವನ್ನು ಕೊಲ್ಲುವ ಕಸುವನ್ನು ಬಹುಮಟ್ಟಿಗೆ ಕಳೆದುಕೊಂಡಿತು. ಆದರೆ ದನದ ದೇಹಕ್ಕೆ ಶತ್ರುವಿನ ಗುರುತನ್ನು ಕಲಿಸುವ ಗುಣವು ಅದರಲ್ಲಿ ಉಳಿಯಿತು. ಒಮ್ಮೆ ಚುಚ್ಚಿದರೆ ವರ್ಷಗಟ್ಟಲೆ ರಕ್ಷಣೆ. ಆದರೂ ಎಲ್ಲ ತಳಿಗಳಿಗೂ ಅದು ಸೌಮ್ಯವಾಗಿರಲಿಲ್ಲ. 1960ರ ಸುಮಾರಿಗೆ ಕೀನ್ಯಾದಲ್ಲಿ ವಾಲ್ಟರ್ ಪ್ಲೌರೈಟ್ ಅವರು ಕರುವಿನ ಮೂತ್ರಪಿಂಡದ ಜೀವಕೋಶಗಳಲ್ಲಿ ಬೆಳೆಸಿದ ಲಸಿಕೆಯು ಆ ಕೊರತೆಯನ್ನು ನೀಗಿತು. 1995ರ ಬಳಿಕ ಭಾರತದಲ್ಲಿ ಈ ರೋಗ ಕಾಣಿಸಿಲ್ಲ. 2011ರಲ್ಲಿ ಜಗತ್ತೇ ಮುಕ್ತವೆಂದು ಸಾರಲಾಯಿತು.

ಕಾಲುಬಾಯಿ ಜ್ವರದ ಕಥೆ ಬೇರೆ. ಅದರ ವಿಷಾಣುವಿಗೆ ನಮ್ಮ ದೇಶದಲ್ಲಿ ಓ, ಎ, ಏಷ್ಯಾ-1 ಎಂಬ ಮೂರು ಬಗೆಗಳು. ಒಂದಕ್ಕೆ ಪಡೆದ ರಕ್ಷಣೆ ಇನ್ನೊಂದನ್ನು ತಡೆಯದು, ಪಡೆದುದೂ ಕೆಲವು ತಿಂಗಳುಗಳಲ್ಲಿ ಕರಗುತ್ತದೆ. ಆದುದರಿಂದಲೇ ಆರು ತಿಂಗಳಿಗೊಮ್ಮೆ ಲಸಿಕೆ. “ಹೋದ ವರ್ಷ ಹಾಕಿಸಿದ್ದೆವಲ್ಲ” ಎಂದು ಊರಿನವರು ಹೇಳಿದರೆ, ನಮ್ಮ ಓದುಗರು ಇಷ್ಟನ್ನು ಅವರಿಗೆ ತಿಳಿಸಬೇಕಾಗಿ ಕೋರುತ್ತೇವೆ.