ಇಪ್ಪತ್ತನೆಯ ವರ್ಷದ ಗೋಡೆ

ಕ್ಲೆಮೆಂಟಿ ಮೆಟ್ರೊ ನಿಲ್ದಾಣದ ಪ್ಲಾಟ್‌ಫಾರ್ಮ್ ನೆಲಮಟ್ಟದಿಂದ ಸಾಕಷ್ಟು ಎತ್ತರದಲ್ಲಿದೆ. ರೈಲು ಹೋದ ಮೇಲೆ ಅಲ್ಲಿಯೇ ಐದು ನಿಮಿಷ ನಿಂತು ಸುತ್ತ ನೋಡಿದರೆ ಸಿಂಗಾಪುರದ ಐವತ್ತು ವರ್ಷಗಳ ಹೊರಗೋಡೆಗಳು ಒಟ್ಟಿಗೆ ಕಾಣುತ್ತವೆ. 1970ರ ದಶಕದಲ್ಲಿ ವಸತಿ ಮಂಡಳಿ ಎಚ್‌ಡಿಬಿ ಕಟ್ಟಿದ ಉದ್ದುದ್ದ ಬ್ಲಾಕುಗಳು, ಅವುಗಳ ನಡುವೆ 2011ರಲ್ಲಿ ತೆರೆದ ಕ್ಲೆಮೆಂಟಿ ಮಾಲ್, ಮಾಲ್‌ನ ಹೆಗಲ ಮೇಲೆಯೇ ಎದ್ದ ನಲವತ್ತು ಅಂತಸ್ತಿನ ಎರಡು ವಸತಿ ಗೋಪುರಗಳು, ದೂರದಲ್ಲಿ ಖಾಸಗಿ ಅಪಾರ್ಟ್‌ಮೆಂಟುಗಳ ತಲೆಗಳು. ಹೊಸ ಕಟ್ಟಡಕ್ಕೆ ಹೊರಗಿನಿಂದ ಏನು ಹೊದಿಸಬೇಕು ಎಂಬ ಪ್ರಶ್ನೆ ಇಟ್ಟುಕೊಂಡು ಓಡಾಡಲು ಇದಕ್ಕಿಂತ ಒಳ್ಳೆಯ ಬಡಾವಣೆ ನನಗೆ ಸಿಕ್ಕಿಲ್ಲ.

ಆ ಪ್ರಶ್ನೆ ನಾನು ಬೆಂಗಳೂರಿನಿಂದ ತಂದದ್ದು. ನಮ್ಮಲ್ಲಿ ಮನೆ ಕಟ್ಟಿಸುವವರ ಬಾಯಲ್ಲಿ ಅದಕ್ಕೆ ‘ಎಲಿವೇಶನ್’ ಎಂದು ಹೆಸರು. ಮೂವತ್ತು–ನಲವತ್ತರ ಸೈಟಿನಲ್ಲೂ ಎಲಿವೇಶನ್‌ಗೆಂದು ಲಕ್ಷಗಟ್ಟಲೆ ಸುರಿಯುತ್ತಾರೆ: ಎಸಿಪಿ ಶೀಟು, ಎಚ್‌ಪಿಎಲ್ ಎಂಬ ಲ್ಯಾಮಿನೇಟ್ ಶೀಟು, ಮರದಂತೆ ಕಾಣುವ ಟೈಲ್ಸು, ಟೆಕ್ಸ್ಚರ್ ಪೇಂಟು. ಗೃಹಪ್ರವೇಶದ ದಿನ ಫೋಟೊ ಚೆನ್ನಾಗಿ ಬರುತ್ತದೆ. ಅದೇ ಗೋಡೆ ಇಪ್ಪತ್ತನೆಯ ವರ್ಷದಲ್ಲಿ ಹೇಗಿರುತ್ತದೆ ಎಂದು ಕೇಳುವವರು ಕಡಿಮೆ. ಕ್ಲೆಮೆಂಟಿಯಲ್ಲಿ ಇಪ್ಪತ್ತು, ನಲವತ್ತು ವರ್ಷ ದಾಟಿದ ಗೋಡೆಗಳು ಬೀದಿಬೀದಿಯಲ್ಲಿವೆ.

ಜೊತೆಗೆ ಬಂದವರು ಧಾರವಾಡ ಕಡೆಯ ಗೆಳೆಯರು. ಹಲವು ವರ್ಷಗಳಿಂದ ಇಲ್ಲಿ ಕಟ್ಟಡಗಳ ಹೊರಮೈ ತಪಾಸಣೆಯ ಕೆಲಸದಲ್ಲಿದ್ದಾರೆ. ನಿಲ್ದಾಣದಿಂದ ಇಳಿದು ಹಳೆಯ ಬ್ಲಾಕುಗಳ ಕಡೆ ತಿರುಗಿದಾಗ ಅವರು ಮೊದಲು ತೋರಿಸಿದ್ದು ಕಿಟಕಿಯಿಲ್ಲದ ಪಕ್ಕದ ಗೋಡೆಗಳನ್ನು. ಬ್ಲಾಕಿನ ನಂಬರನ್ನು ಆಳೆತ್ತರದ ಅಂಕಿಗಳಲ್ಲಿ ಬರೆಯುವುದು ಇದೇ ಗೋಡೆಯ ಮೇಲೆ. ಸಿಂಗಾಪುರ ಸಮಭಾಜಕದಿಂದ ಬರೀ ಒಂದೂಕಾಲು ಡಿಗ್ರಿ ಉತ್ತರಕ್ಕಿದೆ. ನಡುಹಗಲಲ್ಲಿ ಸೂರ್ಯ ನೆತ್ತಿಯ ಮೇಲಿರುವುದರಿಂದ ಉತ್ತರ–ದಕ್ಷಿಣದ ಗೋಡೆಗಳಿಗೆ ಒಂದು ಸಜ್ಜೆಯ ನೆರಳೇ ಸಾಕು. ಬೆಳಿಗ್ಗೆ, ಸಂಜೆಯ ಓರೆ ಬಿಸಿಲನ್ನು ತಿನ್ನುವುದು ಪೂರ್ವ–ಪಶ್ಚಿಮದ ಗೋಡೆಗಳು. ಹಾಗಾಗಿ ಉದ್ದನೆಯ ಬ್ಲಾಕುಗಳ ಮುಖವನ್ನು ಆದಷ್ಟೂ ಉತ್ತರ–ದಕ್ಷಿಣಕ್ಕೆ ತಿರುಗಿಸಿ, ಕಿರಿದಾದ ಕುರುಡು ಗೋಡೆಯನ್ನು ಬಿಸಿಲಿಗೆ ಒಡ್ಡಿದ್ದಾರೆ. ಪ್ರತಿ ಅಂತಸ್ತಿನಲ್ಲೂ ಮನೆಗಳ ಮುಂದೆ ಓಡುವ ಉದ್ದನೆಯ ಕಾರಿಡಾರ್ ಒಳಗೋಡೆಗೆ ಬಿಸಿಲೂ ಮಳೆಯೂ ತಾಗದಂತೆ ತಡೆಯುತ್ತದೆ. ಹೊದಿಕೆ ಮಾಡಬೇಕಾದ ಅರ್ಧ ಕೆಲಸವನ್ನು ಕಟ್ಟಡದ ಆಕಾರವೇ ಮಾಡಿ ಮುಗಿಸಿದೆ. ಉಳಿದರ್ಧಕ್ಕೆ ಎಚ್‌ಡಿಬಿ ಬಳಸಿದ್ದು ಕಾಂಕ್ರೀಟು, ಗಿಲಾವು ಮತ್ತು ಬಣ್ಣ.

ಬಣ್ಣ ಎಂದರೆ ಬಡವರ ಪಾಲಿನ ಹೊದಿಕೆ ಎಂದುಕೊಂಡು ಬಂದವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಬ್ಲಾಕುಗಳಿಗೆ ಐದರಿಂದ ಏಳು ವರ್ಷಕ್ಕೊಮ್ಮೆ ಟೌನ್ ಕೌನ್ಸಿಲ್ ಹೊಸ ಬಣ್ಣ ಹೊಡೆಸುತ್ತದೆ. ಅದಕ್ಕೆ ಮುಂಚೆ ಬಿರುಕು ಮುಚ್ಚುತ್ತಾರೆ, ಉಬ್ಬಿದ ಕಾಂಕ್ರೀಟನ್ನು ಕೆತ್ತಿ ಒಳಗಿನ ಕಂಬಿಯ ತುಕ್ಕು ತೆಗೆಯುತ್ತಾರೆ, ಗೋಡೆ ತೊಳೆಯುತ್ತಾರೆ. ಬಣ್ಣದ ನೆಪದಲ್ಲಿ ಇಡೀ ಕಟ್ಟಡದ ಮೈಗೆ ಒಂದು ಸುತ್ತು ಪರೀಕ್ಷೆ ಆಗಿಹೋಗುತ್ತದೆ. “ನೋಡ್ರೀ, ಬಣ್ಣಾ ಹಚ್ಚೂದು ಅಗ್ಗದ ಕೆಲಸಾ ಅಂತ ಎಲ್ಲಾರೂ ತಿಳಕೊಂಡಾರ. ಆದ್ರ ಬಣ್ಣಾ ಉದುರಿ ಯಾರ ತಲೀಗೂ ಪೆಟ್ಟಾಗೂದಿಲ್ಲ,” ಎಂದರು ಗೆಳೆಯರು. ನನಗೆ ಈ ಮಾತು ಪೂರ್ತಿ ಒಪ್ಪಿಗೆ.

ಇಲ್ಲಿ ಬಣ್ಣದ ಶತ್ರು ಪಾಚಿ. ತೇವ ಉಳಿಯುವ ಗೋಡೆಗಳ ಮೇಲೆ ಕಪ್ಪು ಕಲೆಗಳ ಜೊತೆ ಕೆಂಪು–ಕಿತ್ತಳೆ ಪಟ್ಟೆಗಳೂ ಇಳಿದಿರುತ್ತವೆ. ನೋಡಿದವರು ಕಂಬಿಯ ತುಕ್ಕು ಎಂದು ಗಾಬರಿಯಾಗುವುದುಂಟು. ಹಲವು ಕಡೆ ಅದು ಟ್ರೆಂಟೆಪೋಲಿಯ ಎಂಬ ಪಾಚಿ. ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ, ಅದೂ ಹನ್ನೆರಡು ತಿಂಗಳಿಗೂ ಹಂಚಿಕೊಂಡು. ನಮ್ಮ ಮಂಗಳೂರಿನಲ್ಲಿ ಇದಕ್ಕಿಂತ ಹೆಚ್ಚು ಮಳೆ ಬೀಳುತ್ತದೆ, ಆದರೆ ಮಳೆಗಾಲ ಮುಗಿದ ಮೇಲೆ ಗೋಡೆಗೆ ಒಣಗಲು ತಿಂಗಳುಗಟ್ಟಲೆ ಸಮಯ ಸಿಗುತ್ತದೆ. ಕ್ಲೆಮೆಂಟಿಯ ಗೋಡೆಗೆ ಆ ಬಿಡುವಿಲ್ಲ. ಹಾಗಾಗಿ ಪಾಚಿ ತಡೆಯುವ ಬಣ್ಣ ಬೇಕು. ಅದಕ್ಕಿಂತ ಮುಖ್ಯವಾಗಿ ಸಜ್ಜೆಯ ಅಂಚಿನ ಅಡಿಯಲ್ಲಿ ನೀರು ಗೋಡೆಗೆ ಹರಿಯದೆ ಕೆಳಕ್ಕೆ ತೊಟ್ಟಿಕ್ಕುವಂತೆ ಒಂದು ಗೀರು ಬೇಕು. ಬೆರಳಗಲವೂ ಇಲ್ಲದ ಆ ಗೀರು ಇರುವ ಕಡೆ ಗೋಡೆ ಬೆಳ್ಳಗಿದೆ, ಇಲ್ಲದ ಕಡೆ ಕಿಟಕಿಯ ಎರಡೂ ಮೂಲೆಗಳಿಂದ ಕರಿ ಧಾರೆ ಇಳಿದಿದೆ. ದುಬಾರಿ ಕಲ್ಲು ಹೊದಿಸಿದರೂ ಈ ಗೀರು ಮರೆತರೆ ಅದೇ ಗತಿ.

ಮುಂದೆ ನಡೆಯುತ್ತ ಗೆಳೆಯರು ತಮ್ಮ ಕೆಲಸದ ಬಗ್ಗೆ ಹೇಳಿದರು. 2016ರಲ್ಲಿ ಟ್ಯಾಂಪಿನೀಸ್‌ನ ಒಂದು ಎಚ್‌ಡಿಬಿ ಬ್ಲಾಕಿನಲ್ಲಿ ಕಾಂಕ್ರೀಟಿನ ಬಿಸಿಲು ತಡೆ ಕಳಚಿಕೊಂಡ ಸುದ್ದಿ ಇಲ್ಲಿಯವರಿಗೆ ಇನ್ನೂ ನೆನಪಿದೆ. 2022ರ ಜನವರಿ 1ರಿಂದ ಹೊರಮೈ ತಪಾಸಣೆ ಇಲ್ಲಿ ಕಡ್ಡಾಯವಾಗಿದೆ. ಇಪ್ಪತ್ತು ವರ್ಷ ದಾಟಿದ, ಹದಿಮೂರು ಮೀಟರಿಗಿಂತ ಎತ್ತರದ ಕಟ್ಟಡವಾದರೆ ಏಳು ವರ್ಷಕ್ಕೊಮ್ಮೆ ತಪಾಸಣೆ ಆಗಲೇಬೇಕು. ಇಡೀ ಕಟ್ಟಡವನ್ನು ಕಣ್ಣಿನಿಂದಲೋ ಡ್ರೋನ್‌ನಿಂದಲೋ ನೋಡುವುದರ ಜೊತೆಗೆ, ಪ್ರತಿ ಮುಖದ ಕನಿಷ್ಠ ಶೇ 10ರಷ್ಟು ಭಾಗವನ್ನು ಕೈಗೆಟಕುವಷ್ಟು ಹತ್ತಿರದಿಂದ ಪರೀಕ್ಷಿಸಬೇಕು. ತೂಗುತೊಟ್ಟಿಲಿನಲ್ಲಿ, ಇಲ್ಲಿಯವರ ಮಾತಿನಲ್ಲಿ ಗೊಂಡೊಲಾದಲ್ಲಿ, ಇಳಿದು ಸಣ್ಣ ಸುತ್ತಿಗೆಯಿಂದ ಟೈಲ್ಸನ್ನು ತಟ್ಟುತ್ತಾರೆ. ಗಟ್ಟಿಯಾಗಿ ಕೂತ ಟೈಲು ಒಂದು ತರಹ ಕೇಳುತ್ತದೆ, ಹಿಂದಿನ ಸಿಮೆಂಟು ಬಿಟ್ಟದ್ದು ಟೊಳ್ಳಾಗಿ ಕೇಳುತ್ತದೆ. ಬಿಸಿಲಿಗೆ ಹಿಗ್ಗಿ, ಮಳೆಗೆ ಕುಗ್ಗುವ ಲೆಕ್ಕ ಟೈಲಿಗೆ ಬೇರೆ, ಸಿಮೆಂಟಿಗೆ ಬೇರೆ, ಕಾಂಕ್ರೀಟಿಗೆ ಬೇರೆ. ಆ ಎಳೆದಾಟ ವರ್ಷಗಟ್ಟಲೆ ನಡೆದು ಅಂಟು ಬಿಡುತ್ತದೆ. ಹತ್ತನೇ ಅಂತಸ್ತಿನಿಂದ ಬಿದ್ದ ಒಂದು ಟೈಲು ಸಾಕು.

ಬೆಂಗಳೂರಿನಲ್ಲಿ ಇಂಥ ತಟ್ಟುವ ಸುತ್ತಿಗೆಯನ್ನು ನಾನು ಕಂಡೇ ಇಲ್ಲ. ಎರಡನೇ ಮಹಡಿಯ ಪ್ಯಾರಪೆಟ್‌ವರೆಗೂ ಸಿಮೆಂಟು ಗಾರೆಯಲ್ಲೇ ಗ್ರಾನೈಟ್ ಚಪ್ಪಡಿ ಅಂಟಿಸುತ್ತಾರೆ. ಮೂವತ್ತು ಮಿಲಿಮೀಟರ್ ದಪ್ಪದ ಗ್ರಾನೈಟು ಒಂದು ಚದರ ಮೀಟರಿಗೆ ಸುಮಾರು 80 ಕೆ.ಜಿ. ತೂಗುತ್ತದೆ. ಅಷ್ಟು ಭಾರವನ್ನು ಸ್ಟೇನ್‌ಲೆಸ್ ಸ್ಟೀಲಿನ ಕ್ಲಾಂಪುಗಳಿಂದ ಗೋಡೆಗೆ ಬಿಗಿಯಬೇಕು. ಕಲ್ಲಿಗೂ ಗೋಡೆಗೂ ನಡುವೆ ಸಂದು ಬಿಟ್ಟರೆ ಒಳಗೆ ಇಳಿದ ನೀರು ಹೊರಗೆ ಹೋಗಲು ದಾರಿಯೂ ಇರುತ್ತದೆ.

ಕ್ಲೆಮೆಂಟಿ ಅವೆನ್ಯೂ 1ರಲ್ಲಿ ‘ಕ್ಲೆಮೆಂಟ್ ಕ್ಯಾನೊಪಿ’ ಇದೆ. 2019ರಲ್ಲಿ ಮುಗಿದ ನಲವತ್ತು ಅಂತಸ್ತಿನ, 140 ಮೀಟರ್ ಎತ್ತರದ ಎರಡು ಗೋಪುರಗಳು. ಇವುಗಳನ್ನು ಜಾಗದ ಮೇಲೆ ಕಟ್ಟಿದ್ದಕ್ಕಿಂತ ಜೋಡಿಸಿದ್ದೇ ಹೆಚ್ಚು. ಮಲೇಷ್ಯಾದ ಸೆನಾಯ್‌ನಲ್ಲಿ ಕಾಂಕ್ರೀಟಿನ ಪೆಟ್ಟಿಗೆಗಳನ್ನು ಎರಕ ಹೊಯ್ದು, ಸಿಂಗಾಪುರಕ್ಕೆ ತಂದು, ಒಳಗಿನ ಟೈಲ್ಸು, ಪೈಪು, ಬಣ್ಣ ಎಲ್ಲ ಮುಗಿಸಿ, ಕ್ರೇನಿನಿಂದ ಒಂದರ ಮೇಲೊಂದು ಕೂರಿಸಿದರು. ಒಟ್ಟು 1,866 ಪೆಟ್ಟಿಗೆಗಳಲ್ಲಿ 505 ಮನೆಗಳು. ರಸ್ತೆಯಿಂದ ನೋಡಿದರೆ ಇದೆಲ್ಲ ಗೊತ್ತಾಗುವುದಿಲ್ಲ. ಗೆಳೆಯರ ಕಣ್ಣು ಮಾತ್ರ ಪೆಟ್ಟಿಗೆ ಪೆಟ್ಟಿಗೆಗಳ ನಡುವಿನ ಗೆರೆಗಳ ಮೇಲೆಯೇ ಇತ್ತು. ಹೊರಗೋಡೆ ಕಾರ್ಖಾನೆಯಲ್ಲಿ ತಯಾರಾಗಿ ಬಂದಾಗ ಅದರ ಗುಣಮಟ್ಟ ಹೆಚ್ಚುತ್ತದೆ, ಸಂಶಯವೇ ಇಲ್ಲ. ಆದರೆ ಜವಾಬ್ದಾರಿಯೆಲ್ಲ ಸಂದಿಗೆ ಹೋಗುತ್ತದೆ. ಸಂದು ಮುಚ್ಚುವ ಸೀಲೆಂಟ್ ರಬ್ಬರಿನಂಥದ್ದು. ಬಿಸಿಲಿಗೆ ಗಟ್ಟಿಯಾಗುತ್ತದೆ, ಸೀಳುತ್ತದೆ. ಅದು ಕಾಂಕ್ರೀಟಿನಷ್ಟು ಕಾಲ ಬಾಳುವುದಿಲ್ಲ, ಹಾಗಾಗಿ ಅದನ್ನು ಬದಲಿಸುವವರು ಎಲ್ಲಿಂದ ಇಳಿಯುತ್ತಾರೆ, ಹಗ್ಗ ಎಲ್ಲಿ ಕಟ್ಟುತ್ತಾರೆ ಎಂಬುದು ನಕ್ಷೆ ಬರೆಯುವಾಗಲೇ ತೀರ್ಮಾನವಾಗಬೇಕು.

ಇನ್ನು ಬೆಂಕಿಯ ವಿಷಯ. ಕ್ಲೆಮೆಂಟಿಯಿಂದ ಪಶ್ಚಿಮಕ್ಕೆ ಮುಂದಿನ ನಿಲ್ದಾಣವೇ ಜುರಾಂಗ್ ಈಸ್ಟ್. ಅಲ್ಲಿನ ಟೋ ಗ್ವಾನ್ ರಸ್ತೆಯ ಕೈಗಾರಿಕಾ ಕಟ್ಟಡವೊಂದಕ್ಕೆ 2017ರ ಮೇ 4ರಂದು ಬೆಂಕಿ ಬಿದ್ದು ಮಹಿಳೆಯೊಬ್ಬರು ತೀರಿಕೊಂಡರು. ತನಿಖೆಯಲ್ಲಿ, ಹೊರಗೆ ಹೊದಿಸಿದ್ದ ಅಲ್ಯೂಮಿನಿಯಂ ಕಾಂಪೊಸಿಟ್ ಪ್ಯಾನೆಲ್ಲುಗಳು ಅಗ್ನಿ ಸುರಕ್ಷತಾ ನಿಯಮಕ್ಕೆ ತಕ್ಕವಲ್ಲ ಎಂದು ಕಂಡುಬಂತು. ಹುಡುಕುತ್ತ ಹೋದಂತೆ ಇನ್ನೂ ಹಲವು ಕಟ್ಟಡಗಳಲ್ಲಿ ಅಂಥವೇ ಸಿಕ್ಕಿ, ತೆಗೆಸಬೇಕಾಯಿತು. ಆ ದುರಂತ ನಡೆದು ಆರು ವಾರವೂ ಕಳೆದಿರಲಿಲ್ಲ, ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್ ಹೊತ್ತಿ ಉರಿದು 72 ಜನ ಸತ್ತರು. ಅಲ್ಲಿಯೂ ಬೆಂಕಿ ಮೇಲಕ್ಕೇರಿದ್ದು ಇದೇ ಜಾತಿಯ ಪ್ಯಾನೆಲ್ಲುಗಳ ಮೂಲಕ.

ಎಸಿಪಿ ಎಂದು ನಾವು ಕರೆಯುವ ಈ ಶೀಟಿನ ರಚನೆ ಸರಳ. ಎರಡೂ ಬದಿಗೆ ಅರ್ಧ ಮಿಲಿಮೀಟರ್ ಅಥವಾ ಅದಕ್ಕೂ ತೆಳುವಾದ ಅಲ್ಯೂಮಿನಿಯಂ ತಗಡು, ನಡುವೆ ಮೂರು ಮಿಲಿಮೀಟರಿನಷ್ಟು ತಿರುಳು. ಅಗ್ಗದ ಶೀಟಿನಲ್ಲಿ ಆ ತಿರುಳು ಪಾಲಿಥೀನ್. ಅದು ಕರಗಿ, ಉರಿಯುತ್ತ ತೊಟ್ಟಿಕ್ಕುತ್ತದೆ. ದುಬಾರಿ ಶೀಟಿನಲ್ಲಿ ತಿರುಳಿನ ಹೆಚ್ಚಿನ ಪಾಲು ಬೆಂಕಿ ಹಿಡಿಯದ ಖನಿಜದ ಪುಡಿ. ಹೊರಗಿನ ತಗಡು, ಬಣ್ಣ, ಹೊಳಪು ಎರಡಕ್ಕೂ ಒಂದೇ. ಗೋಡೆಗೆ ಹೊಡೆದಾದ ಮೇಲೆ ಎಂಥ ಅನುಭವಿಗೂ ನೋಡಿ ಹೇಳಲಾಗದು. ಶೀಟಿಗೂ ಗೋಡೆಗೂ ನಡುವಿನ ಖಾಲಿ ಜಾಗ ಮಳೆನೀರು ಇಳಿಯಲು ಬೇಕೇ ಬೇಕು, ಬೆಂಕಿ ಬಿದ್ದಾಗ ಮಾತ್ರ ಅದೇ ಜಾಗ ಒಲೆಯ ಚಿಮಣಿಯಂತೆ ಜ್ವಾಲೆಯನ್ನು ಮೇಲಕ್ಕೆ ಸೆಳೆಯುತ್ತದೆ. ಪ್ರತಿ ಅಂತಸ್ತಿನಲ್ಲೂ ಆ ಸಂದಿಗೆ ಅಡ್ಡಲಾಗಿ ಬೆಂಕಿ ತಡೆ ಹಾಕಬೇಕೆನ್ನುವುದು ಇದಕ್ಕೇ. ಸಿಂಗಾಪುರ 2019ರಲ್ಲಿ ಅಗ್ನಿ ಸುರಕ್ಷತಾ ಕಾಯ್ದೆಗೆ ತಿದ್ದುಪಡಿ ತಂದು, ಇಂಥ ವಸ್ತುಗಳನ್ನು ಒದಗಿಸುವವರನ್ನೂ ಹೊಣೆಗಾರಿಕೆಯೊಳಗೆ ಸೇರಿಸಿತು.

ನಮ್ಮ ಊರುಗಳನ್ನು ನೆನೆದರೆ ನನಗೆ ನಿಜಕ್ಕೂ ಭಯವಾಗುತ್ತದೆ. ನರ್ಸಿಂಗ್ ಹೋಮ್, ಕೋಚಿಂಗ್ ಸೆಂಟರ್, ಬಟ್ಟೆ ಅಂಗಡಿ, ಬಾರ್ — ಜಿಲ್ಲಾ ಕೇಂದ್ರಗಳ ಮುಖ್ಯರಸ್ತೆಯಲ್ಲೂ ಹಳೆಯ ಕಿಟಕಿಗಳ ಮೇಲೆಯೇ ಎಸಿಪಿ ಹೊಡೆದು ಬೋರ್ಡು ಏರಿಸಿದ್ದಾರೆ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು ಒಂಬತ್ತು ಜನ ಸತ್ತಾಗ, ಒಳಗೆ ತುಂಬಿದ್ದು ಹೊಗೆ. ಉಸಿರಿಗಾಗಿ ಗಾಜು ಒಡೆದವರು, ಮೇಲಿನಿಂದ ಜಿಗಿದವರು ಇದ್ದರು. ತೆರೆಯಲಾಗದ ಹೊರಮೈ ಎಷ್ಟೇ ಚೆಂದವಿದ್ದರೂ ಅದನ್ನು ನಾನು ಆರಿಸಲಾರೆ.

ಗಾಜಿನ ವಿಷಯದಲ್ಲಿ ಸಿಂಗಾಪುರದ ನಿಯಮಗಳು ಕಟ್ಟುನಿಟ್ಟು. ಹೊರಗಾಜು ತನ್ನ ಮೇಲೆ ಬಿದ್ದ ಹಗಲ ಬೆಳಕಿನಲ್ಲಿ ಶೇ 20ಕ್ಕಿಂತ ಹೆಚ್ಚನ್ನು ಎದುರಿನವರ ಕಣ್ಣಿಗೆ ಹೊಡೆಯುವಂತಿಲ್ಲ. ಹವಾನಿಯಂತ್ರಿತ ಕಟ್ಟಡದ ಹೊರಮೈಯಿಂದ ಎಷ್ಟು ಶಾಖ ಒಳಗೆ ಬರಬಹುದೆಂಬ ಮಿತಿಯನ್ನು 1979ರಲ್ಲೇ ಹಾಕಿದರು. ವೈಟ್‌ಫೀಲ್ಡ್‌ನ ಟೆಕ್ ಪಾರ್ಕ್ ಐಟಿಪಿಎಲ್ 1990ರ ದಶಕದಲ್ಲಿ ಸಿಂಗಾಪುರದ ಪಾಲುದಾರಿಕೆಯಲ್ಲೇ ಎದ್ದದ್ದು. ಆಮೇಲೆ ಬೆಂಗಳೂರಿನಲ್ಲಿ ಗಾಜಿನ ಕಚೇರಿಗಳು ಬೆಳೆದವು. ಗಾಜು ತಂದಷ್ಟು ಉತ್ಸಾಹದಿಂದ ನಾವು ಆ ಮಿತಿಗಳನ್ನು ತರಲಿಲ್ಲ.

ನಡಿಗೆಯ ಕೊನೆಗೆ ಕ್ಲೆಮೆಂಟಿ ರಸ್ತೆ ಹಿಡಿದು ರಾಷ್ಟ್ರೀಯ ವಿಶ್ವವಿದ್ಯಾಲಯ ಎನ್‌ಯುಎಸ್‌ನ ಗುಡ್ಡದ ಕಡೆ ಹೋದೆವು. ಅಲ್ಲಿ 2019ರ ಜನವರಿಯಲ್ಲಿ ತೆರೆದ ವಾಸ್ತುಶಿಲ್ಪ ವಿಭಾಗದ ಎಸ್‌ಡಿಇ4 ಕಟ್ಟಡ ಇದೆ. ತನಗೆ ಬೇಕಾದ ವಿದ್ಯುತ್ತನ್ನು ವರ್ಷದ ಲೆಕ್ಕದಲ್ಲಿ ತಾನೇ ತಯಾರಿಸಿಕೊಳ್ಳುವಂತೆ ರೂಪಿಸಿದ ಕಟ್ಟಡವಿದು. ಚಾವಣಿಯ ಮೇಲೆ 1,200ಕ್ಕೂ ಹೆಚ್ಚು ಸೌರಫಲಕಗಳಿವೆ. ಅಗಲವಾಗಿ ಹೊರಚಾಚಿದ ಆ ಚಾವಣಿ ನಮ್ಮ ಮಲೆನಾಡಿನ ಮಾಡಿನ ಕೆಲಸವನ್ನೇ ಮಾಡುತ್ತದೆ. ನನ್ನ ಗಮನ ಪೂರ್ತಿ ಸೆಳೆದದ್ದು ಪೂರ್ವ–ಪಶ್ಚಿಮದ ಮುಖಗಳು. ಅಲ್ಲಿ ರಂಧ್ರಗಳಿರುವ ಅಲ್ಯೂಮಿನಿಯಂ ಪರದೆ ಇದೆ. ಓರೆ ಬಿಸಿಲು ಮೊದಲು ಪರದೆಯನ್ನು ಕಾಯಿಸುತ್ತದೆ, ಗಾಳಿ ಅದನ್ನು ತಣಿಸುತ್ತದೆ. ಗಾಳಿ, ಬೆಳಕು ಎರಡೂ ಒಳಗೆ ಬರುತ್ತವೆ. ತಿರುಳಿಲ್ಲದ ಬರೀ ಅಲ್ಯೂಮಿನಿಯಂ ಆದ್ದರಿಂದ ಒಳಗೆ ಉರಿಯಲು ಪ್ಲಾಸ್ಟಿಕ್ಕೂ ಇಲ್ಲ. “ಇದನ್ನ ನಮ್ಮ ಹುಬ್ಬಳ್ಳ್ಯಾಗ ಪಡುವಣ ಗ್ವಾಡಿಗೆ ಹಾಕ್ಬೇಕ್ರೀ. ಮೂರು ಗಂಟೆ ಬಿಸಲಿಗೆ ಮನ್ಯಾಗ ಕುಂದ್ರಾಕ ಆಗೂದಿಲ್ಲ,” ಎಂದರು ಗೆಳೆಯರು. ಅಲ್ಯೂಮಿನಿಯಂ ಪರದೆಯ ಬದಲು ಸುಟ್ಟ ಮಣ್ಣಿನ ಜಾಳಿ ಇಟ್ಟರೂ ಆದೀತು, ನಮ್ಮಲ್ಲಿ ಅದು ಸಿಗುತ್ತದೆ, ಕಟ್ಟುವವರೂ ಇದ್ದಾರೆ.

ಕಲ್ಲೇ ಬೇಕೆನ್ನುವವರಿಗೆ ಕರ್ನಾಟಕದಲ್ಲಿ ಕೊರತೆಯಿಲ್ಲ. 1956ರಲ್ಲಿ ಮುಗಿದ ವಿಧಾನಸೌಧಕ್ಕೆ ಮಲ್ಲಸಂದ್ರ, ಹೆಸರಘಟ್ಟದ ಕಲ್ಲು ಬಂತು, ಅಲಂಕಾರಕ್ಕೆ ಮಾಗಡಿಯ ಗುಲಾಬಿ ಕಲ್ಲೂ ತುರುವೇಕೆರೆಯ ಕರಿಕಲ್ಲೂ ಸೇರಿದವು. ದಪ್ಪ ಕಲ್ಲಿನ ಆ ಗೋಡೆ ತನ್ನ ಭಾರವನ್ನು ತಾನೇ ಹೊರುತ್ತದೆ. ಇವತ್ತು ನಾವು ಹಾಕುವುದು ಒಂದಂಗುಲದ ಚಪ್ಪಡಿ, ಅದನ್ನು ಹೊರುವುದು ಕ್ಲಾಂಪು. ಸಾದರಹಳ್ಳಿ ಕಲ್ಲೋ ಇಳಕಲ್ಲಿನ ಕೆಂಪು ಗ್ರಾನೈಟೋ, ಯಾವುದನ್ನು ಆರಿಸಿದರೂ ಕ್ಲಾಂಪು ಯಾವ ದರ್ಜೆಯ ಸ್ಟೀಲಿನದು ಎಂಬುದನ್ನು ಕೊಟೇಶನ್‌ನಲ್ಲಿ ಬರೆಸಿಕೊಳ್ಳಿ. ಕರಾವಳಿಯಾದರೆ ಉಪ್ಪುಗಾಳಿ ತಡೆಯುವ 316 ದರ್ಜೆಯನ್ನೇ ಕೇಳಿ. ಎಸಿಪಿ ಆದರೆ ತಿರುಳಿನ ಬೆಂಕಿ ಪರೀಕ್ಷೆಯ ಪ್ರಮಾಣಪತ್ರ ಕೇಳಿ, ಅದರ ಮೇಲಿನ ನಂಬರನ್ನು ಸೈಟಿಗೆ ಬಂದ ಶೀಟಿನ ಹಿಂಬದಿಯ ನಂಬರಿನೊಂದಿಗೆ ಹೋಲಿಸಿ ನೋಡಿ, ಅದೂ ಶೀಟು ಗೋಡೆಗೇರುವ ಮುಂಚೆ.