ಹರಿಗೋಲಿನ ಹಗ್ಗವೂ ಗಣಕಯಂತ್ರದ ಸ್ಮೃತಿಯೂ

ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ ವರದಾ ನದಿಯು ತುಂಗಭದ್ರೆಯನ್ನು ಕೂಡಿಕೊಳ್ಳುತ್ತದೆ. ಅಲ್ಲಿರುವ ಕಲ್ಯಾಣ ಚಾಲುಕ್ಯರ ಕಾಲದ ಗಳಗೇಶ್ವರ ದೇವಾಲಯದ ಚಿತ್ರವನ್ನು ಗಣಕಯಂತ್ರದ ತೆರೆಯ ಮೇಲೆ ತೋರಿಸಲು ವಿದ್ಯಾರ್ಥಿಯೊಬ್ಬನು ಪೈಥಾನ್ ಭಾಷೆಯಲ್ಲಿ ಪುಟ್ಟ ಪ್ರೋಗ್ರಾಂ ಬರೆದನೆನ್ನಿ. ಗುಂಡಿಯನ್ನೊತ್ತಿದರೆ ಕಿಟಕಿ ತೆರೆಯುತ್ತದೆ, ಚೌಕಟ್ಟೂ ಮೂಡುತ್ತದೆ. ಆದರೆ ಚಿತ್ರದ ಸ್ಥಳ ಬರಿದು! ತಪ್ಪನ್ನು ಸೂಚಿಸುವ ಸಂದೇಶವೂ ಇಲ್ಲ. ಇದಕ್ಕೆ ಕಾರಣವೇನು?

ಉತ್ತರವನ್ನು ನದಿಯ ದಡದಲ್ಲೇ ಹುಡುಕೋಣ. ಗೂಟಕ್ಕೆ ಕಟ್ಟಿದ ಹರಿಗೋಲು ನಿಂತಿರುತ್ತದೆ. ಕೊನೆಯ ಹಗ್ಗ ಬಿಚ್ಚಿದೊಡನೆ ಪ್ರವಾಹದ ಪಾಲಾಗುತ್ತದೆ. ಪೈಥಾನಿನಲ್ಲಿ ನಿರ್ಮಿಸಿದ ಪ್ರತಿಯೊಂದು ವಸ್ತುವೂ ಇಂಥ ಹರಿಗೋಲು. ಅದನ್ನು ಸೂಚಿಸುವ ಹೆಸರುಗಳೇ ಹಗ್ಗಗಳು. ಓಡುತ್ತಿರುವ ಪ್ರೋಗ್ರಾಮೇ ದಡ. ಬಳಕೆಯಲ್ಲಿರುವ ಮುಖ್ಯ ಪೈಥಾನ್ ವ್ಯವಸ್ಥೆಯು ಪ್ರತಿ ವಸ್ತುವಿನ ಹಗ್ಗಗಳನ್ನು ಎಣಿಸುತ್ತಿರುತ್ತದೆ. ಎಣಿಕೆ ಸೊನ್ನೆಗಿಳಿದೊಡನೆ ವಸ್ತುವನ್ನಳಿಸಿ ಸ್ಮೃತಿಯ ಸ್ಥಳವನ್ನು ತೆರವು ಮಾಡುತ್ತದೆ.

ಕಿಟಕಿಗಳುಳ್ಳ ಪ್ರೋಗ್ರಾಂ ದಿನವಿಡೀ ಕಾದು ಕುಳಿತಿದ್ದು, ಗುಂಡಿ ಒತ್ತುವಂಥ ಘಟನೆ ನಡೆದಾಗ ಮಾತ್ರ ಅದಕ್ಕೆ ನೇಮಿಸಿದ ಫಂಕ್ಷನ್ನನ್ನು ಕರೆಯುತ್ತದೆ. ಫಂಕ್ಷನ್ ಕ್ಷಣಾರ್ಧದಲ್ಲಿ ಮುಗಿಯುತ್ತದೆ. ಅದರೊಳಗಿನ ಹೆಸರುಗಳೂ ಅದರೊಡನೆ ಅಳಿಯುತ್ತವೆ. ಟಿಕಿಂಟರ್ ಎಂಬ ಸಲಕರಣೆಯಲ್ಲಿ ಚೌಕಟ್ಟು ಚಿತ್ರವನ್ನು ತೋರಿಸುತ್ತದೆಯೇ ಹೊರತು ಹಿಡಿದಿಡುವುದಿಲ್ಲ. ಆದ್ದರಿಂದಲೇ ಚಿತ್ರ ಮಾಯವಾಯಿತು. ಚೌಕಟ್ಟಿಗೇ ಒಂದು ಹೆಸರಿನಿಂದ ಅದನ್ನು ಕಟ್ಟಿಟ್ಟರೆ ದೇವಾಲಯವು ಕಾಣಿಸಿಕೊಳ್ಳುತ್ತದೆ.

ಇದಕ್ಕೆ ವಿರುದ್ಧವಾದ ತೊಡಕೂ ಉಂಟು. ಎರಡು ಹರಿಗೋಲುಗಳನ್ನು ಒಂದಕ್ಕೊಂದು ಬಿಗಿದು ದಡದ ಹಗ್ಗವನ್ನು ಬಿಚ್ಚಿದರೆ ಏನಾದೀತು? ಎರಡಕ್ಕೂ ಒಂದೊಂದು ಹಗ್ಗವಿರುವುದರಿಂದ ಬರಿಯ ಎಣಿಕೆ ಮೋಸಹೋಗುತ್ತದೆ. ಇಂಥ ವರ್ತುಲಗಳನ್ನು ಹುಡುಕಿ ಅಳಿಸುವ ಏರ್ಪಾಡು 2000ರಲ್ಲಿ ಹೊರಬಂದ ಪೈಥಾನ್ 2.0ರೊಡನೆ ಸೇರಿತು.

ಆದರೆ ದಡಕ್ಕೆ ನಿಜವಾಗಿ ಕಟ್ಟಿದ ಹಗ್ಗವನ್ನು ಯಾವ ಏರ್ಪಾಡೂ ಬಿಚ್ಚಲಾರದು. ಮುಚ್ಚಿದ ಕಿಟಕಿಯ ಫಂಕ್ಷನ್ನೊಂದು ಇನ್ನೂ ಬದುಕಿರುವ ವಸ್ತುವಿನ ಪಟ್ಟಿಯಲ್ಲಿ ಉಳಿದಿದ್ದರೆ, ಆ ಕಿಟಕಿಯ ಚಿತ್ರವೂ ಸ್ಮೃತಿಯಲ್ಲೇ ಉಳಿಯಬಹುದು. 1000 ಬಿಂದು ಅಗಲ, 800 ಬಿಂದು ಎತ್ತರದ ಚಿತ್ರಕ್ಕೆ, ಬಿಂದುವಿಗೆ 4 ಬೈಟಿನಂತೆ, 32 ಲಕ್ಷ ಬೈಟುಗಳು ಬೇಕು. ಕಿಟಕಿಯನ್ನು ನೂರು ಸಲ ತೆರೆದು ಮುಚ್ಚಿದರೆ 32 ಕೋಟಿ! ಬೆಳಿಗ್ಗೆ ಚುರುಕಾಗಿದ್ದ ಯಂತ್ರ ಸಂಜೆಗೆ ಕುಂಟತೊಡಗುವುದು ಹೀಗೆ.

ವಸ್ತುವನ್ನು ಬಲ್ಲ, ಆದರೆ ಹಿಡಿದಿಡದ ‘ದುರ್ಬಲ ಸೂಚಿ’ಯು 2001ರ ಪೈಥಾನ್ 2.1ರಲ್ಲಿ ಬಂದಿತು, ಇಂಥ ಪಟ್ಟಿಗಳಿಗೆ ಅದು ಉಪಯುಕ್ತ. ಉಳಿದಂತೆ, ಕಿಟಕಿ ಮುಚ್ಚುವಾಗ ಕಟ್ಟಿದ ಹಗ್ಗವನ್ನು ಬಿಚ್ಚುವ ಹೊಣೆ ಬರೆದವನದೇ. ಯಂತ್ರವು ಹಗ್ಗಗಳನ್ನು ಎಣಿಸಬಲ್ಲದು. ಯಾವುದು ಬೇಕು, ಯಾವುದು ಬೇಡ ಎಂಬುದನ್ನು ಮಾತ್ರ ನಾವೇ ಹೇಳಬೇಕು.